ಗುರಾಣಿಯ ಕೆಳಗಿನ ತೊಟ್ಟು

ನನ್ನ ಗುರುವಿಗೆ ದಯೆ ಹೆಚ್ಚು, ಅದರಿಂದಲೇ ಕೆಟ್ಟರು. ಕಡಲಾಚೆಯ ಕೆಂಪುಗೂದಲಿನವರ ಯಾವುದೋ ದೊಡ್ಡ ಮನೆತನಕ್ಕೆ ಊಟದ ತಟ್ಟೆಗಳು ಬೇಕಾಗಿದ್ದವು. ಅವರು ಕಳಿಸಿದ ಕಾಗದದಲ್ಲಿ ಮನೆತನದ ಲಾಂಛನವಾದ ಒಂದು ಗುರಾಣಿ, ಗುರಾಣಿಯಲ್ಲಿ ಮೂರು ಹಕ್ಕಿ, ಮೂರಕ್ಕೂ ಕಾಲಿಲ್ಲ. ‘ಪಾಪ, ಬರೆದವನು ಮರೆತಿರಬೇಕು’ ಎಂದು ಗುರು ಮುನ್ನೂರು ತಟ್ಟೆಯ ಒಂಬೈನೂರು ಹಕ್ಕಿಗಳಿಗೂ ಚೆಂದದ ಕಾಲು ಕೊಟ್ಟರು. ಆಮೇಲೆ ತಿಳಿಯಿತು, ಆ ಮನೆತನದ ಹಕ್ಕಿಗೆ ಕಾಲು ಇರಬಾರದಂತೆ! ಕಾಲಿಲ್ಲದ್ದೇ ಅವರ ಹೆಮ್ಮೆಯಂತೆ! ಹಡಗಿನವನು ಒಂದು ತಟ್ಟೆಯನ್ನೂ ಮುಟ್ಟಲಿಲ್ಲ. ಗುರು ಕೊನೆಗೆ ಕೊಡೆಗಳ ಮೇಲೆ ಹೂವು ಬರೆದು ಕಾಲ ತಳ್ಳಿದರು.

ಅಂದಿನಿಂದ ನನ್ನ ಬಾಯಲ್ಲಿ ಒಂದೇ ಮಂತ್ರ. ಕಾಗದದಲ್ಲಿ ಇರುವುದು ತಟ್ಟೆಯಲ್ಲಿ ಇರಬೇಕು, ಇಲ್ಲದ್ದು ಇರಬಾರದು. ಬುದ್ಧಿಯನ್ನು ಚಪ್ಪಲಿಯ ಜೊತೆ ಬಾಗಿಲಲ್ಲಿ ಬಿಟ್ಟು ಬಾ. ಹೋನಾಮ್ ದ್ವೀಪದ ತಾಮ್ ಯಜಮಾನರ ಅಂಗಡಿಯಲ್ಲಿ ಮೂವತ್ತೆರಡು ವರ್ಷ ಗೆರೆ ಮೇಸ್ತ್ರಿಯಾಗಿ ಕೂತು ನಾನು ಕಲಿಸಿದ್ದು ಇಷ್ಟೇ. ಕಲಿಯದವರ ಬೆನ್ನಿಗೆ ಕುಂಚದ ಹಿಡಿಯಿಂದ ಕೊಟ್ಟದ್ದೂ ಉಂಟು.

ಗೆರೆ ಮೇಸ್ತ್ರಿ ಎಂದರೆ ಸಣ್ಣ ಮಾತಲ್ಲ. ಬಡಗಣ ಬೆಟ್ಟಗಳಾಚೆ ಸುಟ್ಟು, ಹೊಟ್ಟಿನಲ್ಲಿ ಹೂತು ದೋಣಿಗೆ ಏರಿಸಿ ಕಳಿಸುವ ಬರಿ ಬಿಳಿ ಪಿಂಗಾಣಿಯ ಮೇಲೆ ಮೊದಲ ಗೆರೆ ಎಳೆಯುವವನು ಅವನು. ನೀಲಿಯವನು ನೀಲಿ ತುಂಬುವುದು, ಎಲೆಯವನು ಎಲೆ ತುಂಬುವುದು, ಚಿನ್ನದವನು ಚಿನ್ನ ಹಚ್ಚುವುದು ಎಲ್ಲ ಆಮೇಲೆ. ಅಂಗಡಿಯಲ್ಲಿ ಇರುವ ಒಂದೇ ಒಳ್ಳೆಯ ಕಿಟಕಿಯ ಪಕ್ಕದ ಮಣೆ ಅವನದು. ಕೈ ಹೋಯಿತೆಂದರೆ ಮಣೆಯೂ ಹೋಯಿತು, ಹಿತ್ತಿಲಿನಲ್ಲಿ ಬಣ್ಣ ಅರೆಯುವ ಕಲ್ಲಿನ ಮುಂದೆ ಕೂರಬೇಕು. ನನಗಿಂತ ಮೊದಲಿದ್ದ ಮೇಸ್ತ್ರಿ ಅಲ್ಲೇ ಕೂತು, ಯಾರೂ ಮಾತಾಡಿಸುವವರಿಲ್ಲದೆ, ಗೋಡೆ ನೋಡುತ್ತಾ ಸತ್ತ. ಅವನನ್ನು ಮಾತಾಡಿಸದವರಲ್ಲಿ ನಾನೂ ಒಬ್ಬ.

ಈ ವರ್ಷ ಮಳೆ ನಿಲ್ಲುವ ಹೊತ್ತಿಗೆ ನನ್ನ ಬಲಗೈ ನಡುಗತೊಡಗಿತು.

ಮೊದಲು ಚಳಿ ಅಂದುಕೊಂಡೆ. ಆಮೇಲೆ ಚಹಾ ಜಾಸ್ತಿಯಾಯಿತು ಅಂದುಕೊಂಡೆ. ಚಹಾ ಬಿಟ್ಟೆ, ನಡುಕ ಬಿಡಲಿಲ್ಲ. ಹೆಂಡತಿ ವೈದ್ಯನ ಹತ್ತಿರ ಹೋಗಿ ಬೇರು ನಾರು ತಂದು ಕಷಾಯ ಕಾಯಿಸಿಕೊಟ್ಟಳು. ನಾಲಿಗೆ ಸೆಟೆದುಕೊಳ್ಳುವಷ್ಟು ಕಹಿ, ಅದರ ಹಿಂದೆಯೇ ಜ್ಯೇಷ್ಠಮಧುವಿನ ಒಂದು ಹಾಳು ಸಿಹಿ. ಅಂಗಡಿಯಲ್ಲಿ ಯಾರಿಗೂ ಹೇಳಲಿಲ್ಲ. ಕೆಲಸವನ್ನೆಲ್ಲ ನನ್ನ ಶಿಷ್ಯ ಆ-ಶುನ್‌ಗೆ ದಾಟಿಸಿದೆ. ಮೂವತ್ತರ ಗಂಡಸು, ಹನ್ನೊಂದು ವರ್ಷ ನನ್ನ ಬೈಗುಳ ತಿಂದು ಬೆಳೆದವನು. “ನೀನು ಎಳಿ, ನಾನು ತಪ್ಪು ಹಿಡೀತೀನಿ. ನಾಳೆ ನೀನೇ ಮೇಸ್ತ್ರಿ ಆಗ್ಬೇಕಲ್ಲ” ಎಂದೆ. ಅವನು ತಲೆಯಾಡಿಸಿ ಕುಂಚ ಎತ್ತಿಕೊಂಡ. ಮರುದಿನದಿಂದ ಬೆಳಿಗ್ಗೆ ನಮ್ಮ ಮನೆ ಬಾಗಿಲಿಗೆ ಬಂದು ನನ್ನ ಕುಂಚದ ಪೆಟ್ಟಿಗೆ ಹೊತ್ತುಕೊಂಡು ಹೋಗತೊಡಗಿದ. ವಯಸ್ಸಾದವನಿಗೆ ಗೌರವ ಎಂದು ಬೀಗಿದೆ.

ಕಾಗದ ಬಂದದ್ದು ಹತ್ತನೆಯ ತಿಂಗಳ ಕೊನೆಗೆ. ಆ ಹಡಗು ತಡವಾಗಿ ಬಂದಿತ್ತು, ಬಡಗಾಳಿ ಆಗಲೇ ಬೀಸತೊಡಗಿತ್ತು. ಕೆಂಪುಗೂದಲಿನವರಿಗೂ ನಮಗೂ ನಡುವೆ ಮಾತು ದಾಟಿಸುವ ದುಭಾಷಿ ಹೋ, ತನ್ನ ಹೊಟ್ಟೆಯನ್ನು ಮುಂದೆ ಮಾಡಿಕೊಂಡು ಒಂದು ತಗಡಿನ ಕೊಳವೆ ತಂದ.

“ಒಂದೇ ಕಾಗದ ಇರೋದು, ಮೇಸ್ತ್ರಿ. ಮುದ್ರೆ ಒಡೆದಿಲ್ಲ, ನಾನೂ ನೋಡಿಲ್ಲ. ಇನ್ನೂರ ನಲವತ್ತು ತಟ್ಟೆ. ಚಳಿಗಾಲದ ಹಬ್ಬ ಕಳೆದ ಮೂರನೇ ದಿನ ಹಡಗು ಹೊರಡುತ್ತೆ. ಮಾದರಿ ಸುಟ್ಟು ನೋಡೋಕೆಲ್ಲ ಪುರುಸೊತ್ತಿಲ್ಲ.”

“ಪುರುಸೊತ್ತಿಲ್ಲದೆ ಇದ್ರೆ ನೀನು ಇಲ್ಲಿ ನಿಂತು ಯಾಕೆ ಮಾತಾಡ್ತಿದ್ದೀಯ?” ಎಂದು ಅವನನ್ನು ಸಾಗಹಾಕಿದೆ.

ಒಳಕೋಣೆಯಲ್ಲಿ ಒಬ್ಬನೇ ಕೂತು ಕೊಳವೆ ತೆರೆದೆ. ಎಂಥ ಕೆಲಸ! ನೀಲಿ ಗುರಾಣಿ, ಅದರಲ್ಲಿ ಒಂದು ಕಾಲೆತ್ತಿ ಇನ್ನೊಂದರ ಮೇಲೆ ನಿಂತ ಕೊಕ್ಕರೆ, ಕೊಕ್ಕಿನಲ್ಲಿ ಉಂಗುರ. ಮೇಲೆ ಕಬ್ಬಿಣದ ಟೋಪಿ, ಕೆಳಗೆ ಅಕ್ಷರ ಬರೆದ ಪಟ್ಟಿ. ಗೆರೆ ಅಂದರೆ ಗೆರೆ! ಮೂವತ್ತೆರಡು ವರ್ಷದಲ್ಲಿ ಅಷ್ಟು ಒಳ್ಳೆಯ ಕೊಕ್ಕರೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ನಾನು ಬರೆಯಲಾರೆ ಎಂಬುದು ಎದೆಗೆ ಒದ್ದ ಹಾಗೆ ಬಂತು. ಸಮಾಧಾನಕ್ಕೆ ಕಷಾಯದ ಬಟ್ಟಲು ಎತ್ತಿದೆ. ಕೈ ತನ್ನ ಬುದ್ಧಿ ತೋರಿಸಿತು. ಒಂದೇ ಒಂದು ತೊಟ್ಟು, ಪಟ್ಟಿಯ ಕೆಳಗೆ, ಸರಿಯಾಗಿ ನಡುವಿಗೆ ಬಿತ್ತು.

ಬಟ್ಟೆ ಒತ್ತಿದೆ, ಊದಿದೆ, ದೇವರನ್ನು ಬೈದೆ. ಕಾಗದ ಓರೆಯಾಗಿದ್ದದ್ದರಿಂದ ತೊಟ್ಟು ಸ್ವಲ್ಪ ಇಳಿದು, ಮೇಲೆ ಚೂಪಾಗಿ ಕೆಳಗೆ ಗುಂಡಾಗಿ, ಅಂಚಿನಲ್ಲಿ ಗಾಢ ನಡುವೆ ತಿಳಿ ಕೆಂಗಂದು ಬಣ್ಣವಾಗಿ ಒಣಗಿತು. ಯಾರಾದರೂ ಬೇಕೆಂದೇ ಬರೆದ ಹಾಗಿತ್ತು. ಹೇಳಿಬಿಡಲೇ? ಹೇಳಿದರೆ ಹೇಗೆ ಬಿತ್ತು ಅನ್ನುತ್ತಾರೆ. ಯಾತರ ಕಷಾಯ, ಯಾಕೆ ಕಷಾಯ, ಎಲ್ಲಿ ಕೈ ತೋರಿಸು ಅನ್ನುತ್ತಾರೆ.

ಮರುದಿನ ಬೆಳಿಗ್ಗೆ ಆ-ಶುನ್ ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಆ ತೊಟ್ಟಿನ ಮೇಲೆ ಬೆರಳಿಟ್ಟ.

“ಮೇಸ್ತ್ರಿ, ಇದನ್ನೂ ಬರೀಬೇಕಾ?”

ಅಲ್ಲೇ ಇತ್ತು ನೋಡಿ ನನ್ನ ಅವಕಾಶ. ಬೇಡ ಎಂಬ ಎರಡಕ್ಷರ ಸಾಕಿತ್ತು.

“ಹನ್ನೊಂದು ವರ್ಷ ನಾನೇನು ಹೇಳ್ಕೊಟ್ಟೆ ನಿಂಗೆ?” ಎಂದು ಗದರಿದೆ.

“ಕಾಗದದಲ್ಲಿ ಇರೋದು ತಟ್ಟೇಲಿ ಇರ್ಬೇಕು.”

“ಮತ್ತೆ?”

ಅವನು ನನ್ನ ಮುಖವನ್ನೇ ನೋಡಿದ. “ಸರಿ. ತೊಟ್ಟು ಮಾತ್ರ ಕೊನೇಲಿ ನಾನೇ ಇಡ್ತೀನಿ. ಬೇರೆ ಯಾರೂ ಮುಟ್ಟೋದು ಬೇಡ” ಎಂದು ಮಣೆಗೆ ಹೋದ.

ಆ ಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ. ಹನ್ನೆರಡು ತಟ್ಟೆ ಇಟ್ಟ ಒಂದು ಹಲಗೆ ಒಣಗಲು ಹೋದರೆ ಹನ್ನೆರಡು ತೊಟ್ಟು. ಎರಡು ಹೋದರೆ ಇಪ್ಪತ್ತನಾಲ್ಕು. ಪ್ರತಿ ಹಲಗೆಗೂ ಬರೆದವನ ಹೆಸರಿನ ಚೀಟಿ ಕಟ್ಟುವುದು ನಮ್ಮ ಅಂಗಡಿಯ ಪದ್ಧತಿ. ಇನ್ನೂರ ನಲವತ್ತು ತಟ್ಟೆಗೂ ಆ-ಶುನ್‌ನ ಹೆಸರೇ. ಹಡಗಿನವನು ‘ಇದೇನು ಕೊಳಕು’ ಎಂದು ಒದ್ದರೆ ಈ ದ್ವೀಪದ ಯಾವ ಅಂಗಡಿಯೂ ಆ ಹೆಸರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಕ್ಕಿಗೆ ಕಾಲು ಕೊಟ್ಟ ಗುರುವನ್ನು ನೆನೆದೆ. ಕಿಟಕಿಯಿಂದ ಹಲಗೆಗೆ, ಹಲಗೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಕಿಟಕಿಗೆ ಅಲೆದೆ. ಆ ತೊಟ್ಟನ್ನು ಮಾತ್ರ ಹತ್ತಿರ ಹೋಗಿ ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ.

ಒಂದು ದಿನ ತಾಮ್ ಯಜಮಾನರು ದುಭಾಷಿಯನ್ನು ಕರೆದುಕೊಂಡು ಬಂದರು. ಯಜಮಾನರು ತಟ್ಟೆ ಎತ್ತಿ ಹಿಡಿದು, “ಕೆಳಗೆ ಇದೇನಪ್ಪಾ?” ಎಂದರು.

“ಕಾಗದದಲ್ಲಿದೆ, ಯಜಮಾನ್ರೇ” ಎಂದ ಆ-ಶುನ್.

ದುಭಾಷಿ ಹೋ ಕಾಗದ ನೋಡಿ ತಲೆದೂಗಿದ. “ರಕ್ತ. ಇನ್ನೇನು? ಇವರ ಮುತ್ತಾತ ಯಾರನ್ನೋ ಕಡಿದಿರ್ತಾನೆ. ಹೋದ ವರ್ಷ ಕತ್ತರಿಸಿದ ಕೈ ಬರ್ಸಿದ್ರಲ್ಲ, ನೆನಪಿಲ್ವಾ? ಊಟದ ತಟ್ಟೆ ಮೇಲೆ ಕೊಲೆ ಬರ್ಕೊಳ್ಳೋ ಜನ ಕಣಯ್ಯಾ ಇವರು!”

ಎಲ್ಲರೂ ನಕ್ಕರು. “ಹಂಗಾದ್ರೆ ಅದೇ ಮುಖ್ಯ. ಚೆನ್ನಾಗಿ ಕಾಣ್ಲಿ” ಎಂದರು ಯಜಮಾನರು. “ಏನ್ ಮೇಸ್ತ್ರಿ, ನಿಮ್ಮ ಶಿಷ್ಯ ರಕ್ತ ಸುರಿಸ್ತಿದ್ದಾನೆ!” ಎಂದು ನನ್ನ ಬೆನ್ನು ತಟ್ಟಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಬಲಗೈಯನ್ನು ಅಂಗಿಯ ತೋಳಿನೊಳಗೆ ಇನ್ನಷ್ಟು ಎಳೆದುಕೊಂಡೆ. ಜೊತೆಗೆ ನಕ್ಕೆ ಕೂಡ. ಆ ನಗು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಮನೆಯಲ್ಲೂ ಕೂರಲಾಗಲಿಲ್ಲ.

“ರೀ, ಕೂತ್ಕೊಳ್ಳಿ ಒಂದ್ಕಡೆ. ಕಾಲು ಸುಟ್ಟ ಬೆಕ್ಕಿನ ಥರ ಯಾಕೆ ಸುತ್ತಾಡ್ತೀರಿ? ಗಂಜಿ ತಣ್ಣಗಾಯ್ತು” ಎಂದಳು ಹೆಂಡತಿ. ಒಲೆಯ ಮೇಲೆ ಅನ್ನ ಮಾಡುವ ದೊಡ್ಡ ಪಾತ್ರೆಯಲ್ಲಿ ಕಷಾಯ ಕುದಿಯುತ್ತಿತ್ತು.

“ನಾನು ಕುಡಿಯೋದು ಒಂದು ಬಟ್ಲು. ಇಷ್ಟೊಂದು ಯಾಕೆ ಕಾಯಿಸ್ತೀಯ?”

“ಕುದಿದ್ರೆ ಇಂಗುತ್ತೆ. ಅಡುಗೆಮನೆ ವಿಚಾರ ನಿಮಗ್ಯಾಕೆ? ನಿಮ್ಮ ತಟ್ಟೆ ವಿಚಾರ ನಾನು ಕೇಳಿದ್ನಾ?”

ನಾನು ತಣ್ಣಗಾದ ಗಂಜಿಯನ್ನು ಮುಂದಕ್ಕೆ ಎಳೆದುಕೊಂಡೆ.

ಹಬ್ಬದ ಹಿಂದಿನ ದಿನ ಆವಿಗೆಗೆ ಬೆಂಕಿ ಇಡುವುದೆಂದು ನಿಶ್ಚಯವಾಯಿತು. ಬೆಂಕಿ ಕಾಣದ ಬಣ್ಣವನ್ನು ಒದ್ದೆ ಹತ್ತಿಯಿಂದ ಒರೆಸಬಹುದು. ಒಮ್ಮೆ ಸುಟ್ಟಿತೋ, ಉಳಿ ತಂದರೂ ಬಿಡುವುದಿಲ್ಲ. ಅಂದು ಸೂರ್ಯ ಹುಟ್ಟುವ ಹೊತ್ತಿಗೇ ನಾನು ಅಂಗಡಿಗೆ ಹೋದೆ. ಬಿದಿರಿನ ಕಡ್ಡಿಯ ತುದಿಗೆ ಹತ್ತಿ ಸುತ್ತಿದೆ. ಎಲ್ಲ ತೊಟ್ಟುಗಳನ್ನೂ ಒರೆಸಿಬಿಡುವುದು, ಯಾರಾದರೂ ಕೇಳಿದರೆ ನನಗೇನು ಗೊತ್ತು ಅನ್ನುವುದು. ಇದೇ ನನ್ನ ಉಪಾಯ. ಅರವತ್ತು ದಾಟಿದವನ ಉಪಾಯ ನೋಡಿ!

ಮೊದಲನೆಯ ತಟ್ಟೆ ಸುಸೂತ್ರವಾಯಿತು. ಎರಡನೆಯದಕ್ಕೆ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡೆ, ಹೇಗೋ ಆಯಿತು. ಮೂರನೆಯದರಲ್ಲಿ ಕಡ್ಡಿ ಜಾರಿತು. ಗುರಾಣಿಯೊಳಗೆ ನುಗ್ಗಿ ಕೊಕ್ಕರೆ ನಿಂತಿದ್ದ ಕಾಲನ್ನು ಒರೆಸಿಕೊಂಡು ಹೋಯಿತು. ಕೊಕ್ಕರೆ ಗಾಳಿಯಲ್ಲಿ ತೇಲಿತು. ಗುರು ಇಲ್ಲದ ಕಾಲು ಕೊಟ್ಟು ಕೆಟ್ಟರು, ಅವರ ಶಿಷ್ಯ ನಾನು ಇದ್ದ ಕಾಲನ್ನೇ ಕಿತ್ತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಹತ್ತಿಯ ತುದಿಯನ್ನು ಚೂಪು ಮಾಡಲು ಬಾಯಿಗಿಟ್ಟೆ. ಐವತ್ತು ವರ್ಷದ ಅಭ್ಯಾಸ, ಕುಂಚ ಬಾಯಿಗೆ ಹೋಗುವುದು ನಮ್ಮ ಗಮನಕ್ಕೂ ಬರುವುದಿಲ್ಲ. ನಾಲಿಗೆ ಸೆಟೆದುಕೊಂಡಿತು. ಬಣ್ಣಕ್ಕೆ ಇಂಥ ರುಚಿ ಇಲ್ಲ. ಕಹಿ, ಕಹಿಯ ಹಿಂದೆ ಜ್ಯೇಷ್ಠಮಧುವಿನ ಸಿಹಿ.

ಇನ್ನೊಂದು ತಟ್ಟೆಯ ತೊಟ್ಟನ್ನು ಬೆರಳಿಂದ ಒರೆಸಿ ನೆಕ್ಕಿದೆ. ಅದೇ ರುಚಿ. ಮತ್ತೊಂದು ತೆಗೆದುಕೊಂಡೆ. ಅದೂ ಅದೇ. ನನ್ನದೇ ಕಷಾಯ!

“ಸಾಕು ಮೇಸ್ತ್ರಿ, ಎಲ್ಲಾ ನೆಕ್ಕಿದ್ರೆ ಹೊಟ್ಟೆ ಕೆಡುತ್ತೆ.”

ಆ-ಶುನ್ ಬಾಗಿಲಲ್ಲಿ ನಿಂತಿದ್ದ. ನಾನು ಎದ್ದು ನಿಲ್ಲಲು ಹೋಗಿ ಹಾಗೇ ಕೂತೆ.

“ನಿಂಗೆ ಗೊತ್ತಿತ್ತಾ?”

“ಮೊದಲನೇ ದಿನವೇ. ಕಾಗದ ಮೂಗಿಗೆ ಹಿಡಿದಾಗಲೇ ಗೊತ್ತಾಯ್ತು. ದಿನಾ ನಿಮ್ಮ ಪೆಟ್ಟಿಗೆ ಹೊರೋನು ನಾನು, ಆ ವಾಸನೆ ಗೊತ್ತಾಗಲ್ವಾ?”

“ಗೊತ್ತಿದ್ದೂ ಬರೆದ್ಯಾ?”

“ಬರೀದೆ ಇದ್ರೆ ಯಾಕೆ ಬರೀಲಿಲ್ಲ ಅಂತ ಕೇಳ್ತಿದ್ರು. ಏನ್ ಹೇಳ್ಲಿ? ಇದು ನಮ್ಮ ಮೇಸ್ತ್ರಿ ಕೈಯಿಂದ ಬಿದ್ದಿದ್ದು ಅನ್ಲಾ?” ಅವನು ತಟ್ಟೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. “ಬೇರು ನಾರಿನ ನೀರು ಇದು. ಬೆಂಕೀಲಿ ಸುಟ್ಟುಹೋಗುತ್ತೆ, ಕಲೆನೂ ಉಳಿಯಲ್ಲ. ತೊಟ್ಟು ಎಲ್ಲಿ ಅಂತ ಕೇಳಿದ್ರೆ, ಬಣ್ಣ ಅರೆಯೋವಾಗ ನಾನು ಹದ ತಪ್ಪಿದೆ ಅಂತೀನಿ. ಬೈತಾರೆ, ಅಷ್ಟೇ ಅಲ್ವಾ? ನಿಮ್ಮ ಹತ್ರ ತಿಂದಿರೋದಕ್ಕಿಂತ ಜಾಸ್ತಿ ಬೈತಾರಾ?”

“ನನಗೆ ಯಾಕೋ ಹೇಳ್ಲಿಲ್ಲ?”

“ನೀವು ಹೇಳ್ತೀರಿ ಅಂತ ಕಾದೆ. ದಿನಾ ಕಾದೆ.”

ಅವನು ಕುಂಚ ಅದ್ದಿ, ತೇಲುತ್ತಿದ್ದ ಕೊಕ್ಕರೆಗೆ ಕಾಲು ಎಳೆದ. ಒಂದೇ ಉಸಿರು, ಒಂದೇ ಗೆರೆ, ಮಂಡಿಯ ಗಂಟು ಸಮೇತ. ನನ್ನ ಒಳ್ಳೆಯ ಕಾಲದಲ್ಲೂ ಅದಕ್ಕಿಂತ ಚೆನ್ನಾಗಿ ಎಳೆದಿರಲಿಲ್ಲ. ಅದನ್ನು ಅವನಿಗೆ ಹೇಳಬೇಕೆನಿಸಿತು, ಅದನ್ನೂ ಹೇಳಲಿಲ್ಲ.

ಬೆಂಕಿಯ ದೇವರಿಗೆ ಊದುಬತ್ತಿ ಹಚ್ಚಿದರು, ಆವಿಗೆಗೆ ತಟ್ಟೆ ಜೋಡಿಸಿದರು, ಸುತ್ತ ಇದ್ದಿಲು ತುಂಬಿದರು. ನಾನು ಹಗಲೆಲ್ಲ ನದಿಯ ದಂಡೆಯಲ್ಲಿ ನಡೆದೆ. ಆಚೆ ದಡದಲ್ಲಿ ಕೆಂಪುಗೂದಲಿನವರ ವ್ಯಾಪಾರದ ಕೋಠಿಗಳ ಬಾವುಟಗಳು ಬಡಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ಮಣೆ ಉಳಿಯಿತು, ಶಿಷ್ಯನಿಗೆ ನಾಲ್ಕು ಬೈಗುಳದಲ್ಲಿ ಮುಗಿಯುತ್ತದೆ, ಎಲ್ಲ ಸರಿಯಾಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸರಿಯಾಗಿದ್ದರೆ ಮನೆಗೆ ಹೋಗಿ ಮಲಗಬಹುದಿತ್ತು, ಕಾಲು ಮನೆ ಕಡೆ ತಿರುಗಲೇ ಇಲ್ಲ.

ಹಬ್ಬದ ಬೆಳಿಗ್ಗೆ ಆವಿಗೆ ತೆರೆದರು. ತಟ್ಟೆಗಳು ಹೊರಬಂದವು. ನೀಲಿ, ಮಳೆ ನಿಂತ ಆಕಾಶದ ಹಾಗಿತ್ತು, ಕೊಕ್ಕರೆ ಈಗ ಹಾರುತ್ತೇನೆ ಅನ್ನುತ್ತಿತ್ತು. ಪಟ್ಟಿಯ ಕೆಳಗೆ ಬರಿ ಬಿಳುಪು.

ತಾಮ್ ಯಜಮಾನರು ಒಂದು ತಟ್ಟೆ ನೋಡಿದರು, ಹತ್ತು ನೋಡಿದರು. ಅವರ ಮುಖ ಕೆಂಪಾಯಿತು.

“ತೊಟ್ಟು ಎಲ್ಲೋ?”

“ಬಣ್ಣದ ಹದ ತಪ್ಪಿತು, ಯಜಮಾನ್ರೇ. ನಂದೇ ತಪ್ಪು” ಎಂದ ಆ-ಶುನ್ ತಲೆ ತಗ್ಗಿಸಿ.

ಅವನು ಎಣಿಸಿದ್ದು ಬೈಗುಳವನ್ನು. ಬೈಗುಳವೂ ಬಂತು, ಅವನ ತಾಯಿ, ಅಜ್ಜಿ ಯಾರನ್ನೂ ಬಿಡಲಿಲ್ಲ. ಆದರೆ ಅದರ ಹಿಂದೆ ಬಂದದ್ದನ್ನು ಅವನು ಎಣಿಸಿರಲಿಲ್ಲ.

“ಅವರ ಮನೆತನದ ರಕ್ತ ಅದು! ಅದಿಲ್ಲದೆ ಕಳಿಸಿದ್ರೆ ಅವರು ಮುಟ್ತಾರಾ? ನಡೀರಿ, ಹಬ್ಬನೂ ಬೇಡ ಗಿಬ್ಬನೂ ಬೇಡ. ಇನ್ನೂ ಮೂರು ದಿನ ಇದೆ. ಅಚ್ಚ ಕೆಂಪು ಅರೆದು ಎಲ್ಲಾ ತಟ್ಟೆಗೂ ತೊಟ್ಟು ಇಡಿ. ನಾಳೆ ಮತ್ತೆ ಸುಡೋಣ. ನೀನೇ ಇಡು ಕಣೋ ಆ-ಶುನ್, ನಿನ್ನ ಚೀಟಿನೇ ಇರ್ಲಿ. ಈ ಸಲ ತಪ್ಪಿದ್ರೆ ಈ ಬೀದೀಲಿ ನಿನ್ನ ನೆರಳೂ ಬೀಳ್ಬಾರದು!”

ಅಚ್ಚ ಕೆಂಪು. ಅದು ಬೆಂಕಿಗೆ ಜಗ್ಗುವುದಿಲ್ಲ. ಇನ್ನೂರ ನಲವತ್ತು ತಟ್ಟೆಗಳ ಮೇಲೆ ನನ್ನ ಕಷಾಯದ ತೊಟ್ಟು ಮೊಮ್ಮಕ್ಕಳ ಕಾಲದವರೆಗೂ ಕೂರುತ್ತದೆ, ಚೀಟಿಯಲ್ಲಿ ಇವನ ಹೆಸರು. ಆ-ಶುನ್‌ನ ಮುಖ ಬಿಳುಚಿತು. ಅವನು ನನ್ನ ಕಡೆ ನೋಡಿದ. ನೀವು ಹೇಳಿ ಎಂದಲ್ಲ, ಈಗೇನು ಮಾಡಲಿ ಎಂದು. ಹನ್ನೊಂದು ವರ್ಷ ನೋಡುತ್ತಿದ್ದ ಹಾಗೆಯೇ ನೋಡಿದ.

“ಯಜಮಾನ್ರೇ, ತೊಟ್ಟು ಕಾಗದದ್ದಲ್ಲ” ಎಂದೆ. “ನಂದು.”

“ಏನ್ ನಿಮ್ದು?”

“ನಾನು ಕುಡಿಯೋ ಕಷಾಯ. ಕೈಯಿಂದ ಚೆಲ್ತು. ಹೇಳೋಕೆ ಹೆದರಿದೆ. ಇವನಿಗೆ ಗೊತ್ತಾಗಿ, ಬೆಂಕೀಲಿ ಹೋಗ್ಲಿ ಅಂತ ಕಷಾಯದಲ್ಲೇ ಬರೆದ. ತಟ್ಟೆ ಎಲ್ಲಾ ಸರಿಯಾಗಿವೆ. ಹಾಗೇ ಕಳಿಸಿ.”

ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಕಿಟಕಿಯ ಹತ್ತಿರ ಹೋಗಿ ಒಂದು ಬಿಳಿ ತಟ್ಟೆಯನ್ನೂ ನನ್ನ ಕುಂಚವನ್ನೂ ತಂದು ಮುಂದಿಟ್ಟರು.

“ಒಂದು ಗೆರೆ ಎಳಿ, ಮಾಕ್.”

ಮೂವತ್ತೆರಡು ವರ್ಷದಲ್ಲಿ ಅವರು ನನ್ನನ್ನು ಮೇಸ್ತ್ರಿ ಅನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕುಂಚ ಅದ್ದಿದೆ. ಬಲಗೈಯನ್ನು ತೋಳಿನಿಂದ ಹೊರತೆಗೆದು ಎಲ್ಲರ ಮುಂದೆ ಇಟ್ಟೆ. ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ಎಳೆದೆ. ಗೆರೆ ಎರೆಹುಳು ಹರಿದ ಹಾಗೆ ಹೋಯಿತು. ನೀಲಿಯವನು ಮುಖ ಆಚೆ ತಿರುಗಿಸಿಕೊಂಡ. ಚಿನ್ನದವನು ಕೆಮ್ಮಿದ. ಆ-ಶುನ್ ಮಾತ್ರ ಗೆರೆಯನ್ನು ಕೊನೆಯವರೆಗೂ ನೋಡಿದ, ಅವನ ಕಣ್ಣು ತುಂಬಿತ್ತು.

ಯಜಮಾನರು ನನ್ನ ಕೈಯಿಂದ ಕುಂಚ ತೆಗೆದುಕೊಂಡು ಅವನ ಕೈಗೆ ಕೊಟ್ಟರು. “ಹಬ್ಬ ಕಳೆದ ಮೇಲೆ ಮಣೆಗೆ ಬಾ” ಎಂದು ಅವನಿಗೆ ಹೇಳಿದರು. ನನಗೆ, “ಹಿತ್ತಿಲಿನ ಕಲ್ಲು ಖಾಲಿ ಇದೆ” ಎಂದರು.

ಮನೆಗೆ ನಡೆದೆ. ಬೀದಿಯಲ್ಲಿ ಎಲ್ಲ ಮನೆಗಳಿಂದಲೂ ಶುಂಠಿ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು. ಒಳಗಿನ ನೋವು ನೋವೇ. ಆದರೆ ಇಷ್ಟೆಲ್ಲ ದಿನಗಳ ಮೇಲೆ ನನ್ನ ಕಾಲು ನೆಟ್ಟಗೆ ಮನೆ ಕಡೆ ನಡೆಯಿತು, ಎಲ್ಲೂ ಸುತ್ತು ಹಾಕಲಿಲ್ಲ.

ಹೆಂಡತಿ ಹಬ್ಬದ ಅಕ್ಕಿ ಉಂಡೆಗಳನ್ನು ಬಟ್ಟಲಿಗೆ ಬಡಿಸಿ ಮುಂದಿಟ್ಟಳು. ನಾನು ಕೈಯನ್ನು ತೋಳಿನೊಳಗೆ ಅಡಗಿಸದೆ ಬಟ್ಟಲು ಹಿಡಿದೆ. ಪಾಕ ತುಳುಕಿ ಚಾಪೆಯ ಮೇಲೆ ಚೆಲ್ಲಿತು. ಅವಳು ಅದನ್ನು ನೋಡಿದಳು, ನನ್ನ ಮುಖ ನೋಡಿದಳು.

“ಹೇಳಿದ್ರಾ?”

“ಹೇಳ್ದೆ.”

ಅವಳು ಎದ್ದು ಹೋಗಿ ಒಲೆಯ ಮೇಲಿದ್ದ ದೊಡ್ಡ ಪಾತ್ರೆ ಇಳಿಸಿ, ಮೂಲೆಯಿಂದ ಹಳೆಯ ಚಿಕ್ಕ ಪಾತ್ರೆ ತಂದು ತೊಳೆಯತೊಡಗಿದಳು.

“ಸದ್ಯ. ಇನ್ಮೇಲೆ ನಿಮ್ಮೊಬ್ಬರಿಗೆ ಕಾಯಿಸಿದ್ರೆ ಸಾಕು.”